ಪ್ರಯೋಗದ ನೆಲ, ಅರಿವಿನ ನೆಲ: ತಂತ್ರಜ್ಞಾನಾಧಾರಿತ ಕಲಿಕೆಯ ಸಂಶೋಧನೆ ಮತ್ತು ಸಮಾನತೆಯ ಪ್ರಶ್ನೆ

೧

ಕಲಿಕೆಯಲ್ಲಿ ತಂತ್ರಜ್ಞಾನದ ಬಳಕೆಯನ್ನು ಕುರಿತ ಚರ್ಚೆಗಳು ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಲ್ಲುತ್ತವೆ. ಯಂತ್ರವು ಬಂದರೆ ಹಳ್ಳಿಯ ಮಗುವಿಗೂ ನಗರದ ಮಗುವಿಗೂ ನಡುವಿನ ಅಂತರ ಅಳಿಯುತ್ತದೆ ಎಂಬ ಭರವಸೆ ಒಂದು ತುದಿಯಲ್ಲಿದೆ. ಅದೇ ಯಂತ್ರವು ಉಳ್ಳವರಿಗೆ ಇನ್ನಷ್ಟನ್ನು ಕೊಟ್ಟು ಇಲ್ಲದವರನ್ನು ಮತ್ತಷ್ಟು ಹಿಂದಕ್ಕೆ ತಳ್ಳುತ್ತದೆ ಎಂಬ ಆತಂಕ ಇನ್ನೊಂದು ತುದಿಯಲ್ಲಿದೆ. ಎರಡೂ ನಿಲುವುಗಳು ತಮ್ಮ ಸಮರ್ಥನೆಗಾಗಿ ಸಂಶೋಧನೆಯ ಕಡೆಗೇ ಕೈ ತೋರಿಸುತ್ತವೆ. ಆದರೆ ಆ ಸಂಶೋಧನೆಯು ಎಲ್ಲಿ ನಡೆಯಿತು, ಯಾರನ್ನು ಎಣಿಸಿತು, ಯಾವ ಭಾಷೆಯಲ್ಲಿ ಕೇಳಿತು, ಯಾವ ಭಾಷೆಯಲ್ಲಿ ಬರೆಯಿತು ಎಂಬ ಪ್ರಶ್ನೆಗಳು ಚರ್ಚೆಯ ಹೊರಗೇ ಉಳಿಯುತ್ತವೆ. ತಂತ್ರಜ್ಞಾನಕ್ಕೆ ಸಮಾನತೆಯ ಪ್ರಶ್ನೆಯನ್ನು ಕೇಳಿದಷ್ಟು ಸಲೀಸಾಗಿ ಆ ತಂತ್ರಜ್ಞಾನವನ್ನು ಕುರಿತ ಸಂಶೋಧನೆಗೆ ಕೇಳಲಾಗುತ್ತಿಲ್ಲ.

ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಈ ಪ್ರಶ್ನೆಯನ್ನು ಕೇಳಲು ತಕ್ಕ ನೆಲೆಗಳಾಗಿವೆ. ಇವು ಒಂದಕ್ಕೊಂದು ಹತ್ತಿರದ ಊರುಗಳು. ಆದರೂ ಇವುಗಳ ನಡುವೆ ಕಾರ್ಖಾನೆಯ ಬಡಾವಣೆಯಿದೆ, ಕಲ್ಲುಗಣಿಯಿದೆ, ತೊಗರಿಯ ಹೊಲವಿದೆ, ರೈಲಿನ ಜಂಕ್ಷನ್ ಇದೆ, ಕಾಡಂಚಿನ ತಾಂಡಾ ಇದೆ. ಇಲ್ಲಿನ ಮಕ್ಕಳು ಮನೆಯಲ್ಲಿ ಕನ್ನಡ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮಾತನಾಡಿ ಒಂದೇ ಪಠ್ಯಪುಸ್ತಕದ ಮುಂದೆ ಕುಳಿತುಕೊಳ್ಳುತ್ತಾರೆ. ಇಂಥ ನೆಲದಲ್ಲಿ ಸಮಾನತೆಯು ಸಾಧನಗಳ ಹಂಚಿಕೆಯ ಲೆಕ್ಕದಲ್ಲಿ ಮುಗಿಯುವ ಸಂಗತಿಯಲ್ಲ. ಅದು ಸಂಶೋಧನೆಯ ವಿಧಾನದೊಳಗೇ ಇರಬೇಕಾದ ಗುಣ ಎಂಬುದನ್ನೂ, ಆ ಗುಣವನ್ನು ತರುವುದರಲ್ಲಿ ಕನ್ನಡ ವಿಭಾಗಗಳಿಗೆ ಬೇರಾರೂ ಹೊರಲಾಗದ ಹೊಣೆಯೊಂದು ಇದೆ ಎಂಬುದನ್ನೂ ಪ್ರತಿಪಾದಿಸುವುದು ಈ ಲೇಖನದ ಉದ್ದೇಶ.

೨

ಈ ಪ್ರದೇಶಕ್ಕೆ ಶೈಕ್ಷಣಿಕ ತಂತ್ರಜ್ಞಾನ ಹೊಸದಲ್ಲ. ‘ಸೈಟ್’ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾದ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗವು ೧೯೭೫ರ ಆಗಸ್ಟ್‌ನಿಂದ ೧೯೭೬ರ ಜುಲೈವರೆಗೆ ಭಾರತದ ೬ ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಲ್ಲಿ ನಡೆಯಿತು. ಅಮೆರಿಕದ ನಾಸಾ ಸಂಸ್ಥೆಯ ಎ.ಟಿ.ಎಸ್.-೬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು ಇಸ್ರೋ ಈ ಪ್ರಯೋಗವನ್ನು ಕೈಗೊಂಡಿತು. ಕರ್ನಾಟಕದಲ್ಲಿ ಇದಕ್ಕಾಗಿ ಆಯ್ಕೆಯಾದವು ಕಲಬುರಗಿ, ರಾಯಚೂರು ಮತ್ತು ವಿಜಯಪುರ ಜಿಲ್ಲೆಗಳು. ಬೆಂಗಳೂರು ಇನ್ನೂ ದೂರದರ್ಶನವನ್ನು ಕಾಣದಿದ್ದ ಕಾಲದಲ್ಲಿ ಈ ಭಾಗದ ಹಳ್ಳಿಗಳ ಮಕ್ಕಳು ಬೆಳಗಿನ ಹೊತ್ತು ಶಾಲೆಯಲ್ಲಿ ಉಪಗ್ರಹದಿಂದ ಬಂದ ಪಾಠಗಳನ್ನು ನೋಡಿದರು. ಸಂಜೆ ಹಿರಿಯರು ಕೃಷಿ ಮತ್ತು ಆರೋಗ್ಯದ ಕಾರ್ಯಕ್ರಮಗಳಿಗಾಗಿ ಸೇರಿದರು. ೧೯೭೭ರಲ್ಲಿ ಕಲಬುರಗಿಯಲ್ಲಿ ದೂರದರ್ಶನ ಕೇಂದ್ರವು ಆರಂಭವಾದುದು ಈ ಪ್ರಯೋಗದ ಮುಂದುವರಿಕೆಯಾಗಿಯೇ.

ಈ ಪ್ರಯೋಗದ ಒಂದು ತಾಂತ್ರಿಕ ವಿವರವು ಭಾಷಾ ಅಧ್ಯಯನಕಾರರ ಗಮನವನ್ನು ಸೆಳೆಯಬೇಕು. ಉಪಗ್ರಹದಲ್ಲಿ ಚಿತ್ರಕ್ಕೆ ಇದ್ದದ್ದು ಒಂದೇ ವಾಹಿನಿ, ಧ್ವನಿಗೆ ಎರಡು. ಹೀಗಾಗಿ ಆಂಧ್ರದ ಮತ್ತು ಕರ್ನಾಟಕದ ಹಳ್ಳಿಗಳಿಗೆ ಒಂದೇ ಚಿತ್ರವು ತೆಲುಗು ಮತ್ತು ಕನ್ನಡದ ಎರಡು ಧ್ವನಿಗಳೊಡನೆ ತಲುಪುತ್ತಿತ್ತು. ಈ ಕಾರ್ಯಕ್ರಮಗಳು ಸಿದ್ಧವಾಗುತ್ತಿದ್ದುದು ಹೈದರಾಬಾದಿನ ನಿರ್ಮಾಣ ಕೇಂದ್ರದಲ್ಲಿ. ಅಂದರೆ ಕಲಬುರಗಿಯ ಮಗು ನೋಡುತ್ತಿದ್ದ ಹೊಲ, ಮನೆ, ಉಡುಪುಗಳು ಆ ಮಗುವಿನವೇ ಆಗಬೇಕಾಗಿರಲಿಲ್ಲ. ಮಾತು ಮಾತ್ರ ಕನ್ನಡದಲ್ಲಿತ್ತು. ಆ ಕನ್ನಡವೂ ಮಗುವಿನ ಮನೆಯ ಕನ್ನಡವಾಗಿತ್ತೇ ಎಂಬುದು ಬೇರೆಯೇ ಪ್ರಶ್ನೆ. ಚಿತ್ರವೊಂದು ಕಡೆಯದು, ಧ್ವನಿ ಇನ್ನೊಂದು ಕಡೆಯದು ಎಂಬ ಈ ಸ್ಥಿತಿಯು ಮುಂದಿನ ಎಲ್ಲ ಶೈಕ್ಷಣಿಕ ತಂತ್ರಜ್ಞಾನಗಳಲ್ಲೂ ಬೇರೆ ಬೇರೆ ರೂಪಗಳಲ್ಲಿ ಮುಂದುವರಿಯಿತು.

ಆದರೆ ಸೈಟ್‌ನ ಮೌಲ್ಯಮಾಪನದಲ್ಲಿ ಇಂದಿನ ಸಂಶೋಧನೆಗೆ ಮಾದರಿಯಾಗಬಲ್ಲ ಒಂದು ಅಂಶವಿತ್ತು. ಪ್ರಶ್ನಾವಳಿಯ ಸಮೀಕ್ಷೆಗಳ ಜೊತೆಗೆ ಮಾನವಶಾಸ್ತ್ರಜ್ಞರು ಆಯ್ದ ಹಳ್ಳಿಗಳಲ್ಲಿ ತಿಂಗಳುಗಟ್ಟಲೆ ನೆಲೆಸಿ ಜನರ ನಡುವೆ ಇದ್ದು ಅಧ್ಯಯನ ನಡೆಸಿದರು. ಬಿನೋದ್ ಸಿ. ಅಗ್ರವಾಲ್ ಅವರು ಈ ಕಾರ್ಯದಲ್ಲಿ ಪ್ರಮುಖರಾಗಿದ್ದರು. ಹೊಸ ತಿಳಿವಳಿಕೆಯ ಗಳಿಕೆಯು ಅನಕ್ಷರಸ್ಥರಲ್ಲಿಯೂ ಮಹಿಳೆಯರಲ್ಲಿಯೂ ಹೆಚ್ಚಾಗಿ ಕಂಡುಬಂದಿತು ಎಂಬುದು ಆ ಮೌಲ್ಯಮಾಪನದ ಮುಖ್ಯ ಫಲಿತಗಳಲ್ಲಿ ಒಂದು. ತಂತ್ರಜ್ಞಾನವು ಹಿಂದುಳಿದವರನ್ನು ಅನಿವಾರ್ಯವಾಗಿ ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ ಎಂಬ ನಿರಾಶೆಗೆ ಈ ಫಲಿತವು ಉತ್ತರವಾಗಿದೆ. ಊರಿನ ಎಲ್ಲರೂ ಕೂಡಿ ನೋಡುವ ಒಂದು ಸಾಧನವು ಮನೆಮನೆಯ ಸಾಧನಕ್ಕಿಂತ ಬೇರೆ ರೀತಿಯ ಸಾಮಾಜಿಕ ಪರಿಣಾಮವನ್ನು ಉಂಟುಮಾಡಬಲ್ಲದು ಎಂಬ ಸೂಚನೆಯೂ ಇದರಲ್ಲಿದೆ.

ಒಂದು ವರ್ಷದ ಅವಧಿ ಮುಗಿದ ಮೇಲೆ ಉಪಗ್ರಹವು ಹಿಂದಕ್ಕೆ ಸರಿಯಿತು. ೨೦೦೪ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕೆಂದೇ ಹಾರಿಸಿದ ಎಜುಸ್ಯಾಟ್ ಉಪಗ್ರಹವು ೨೦೧೦ರಲ್ಲಿ ತನ್ನ ಸೇವೆಯನ್ನು ಮುಗಿಸಿತು. ೨೦೦೦ದ ದಶಕದ ‘ಮಾಹಿತಿ ಸಿಂಧು’ ಯೋಜನೆಯಿಂದ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಆಕಾಶವಾಣಿಯ ‘ಕೇಳಿ ಕಲಿ’ ಪಾಠಗಳು ಬಂದವು. ೨೦೧೭ರಲ್ಲಿ ‘ದೀಕ್ಷಾ’ ವೇದಿಕೆ ಬಂದಿತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯೂಆರ್ ಸಂಕೇತಗಳು ಕಾಣಿಸಿಕೊಂಡವು. ಅರ್ಧ ಶತಮಾನದ ಈ ಸರಣಿಯಲ್ಲಿ ಸೇಡಂ, ಚಿತ್ತಾಪುರದಂಥ ತಾಲ್ಲೂಕುಗಳ ಪಾತ್ರವು ಸ್ವೀಕರಿಸುವುದಕ್ಕೆ ಸೀಮಿತವಾಯಿತು. ಯಾವ ಪ್ರಶ್ನೆಯನ್ನು ಕೇಳಬೇಕು ಎಂಬುದನ್ನು ನಿರ್ಧರಿಸುವ ಸ್ಥಾನವು ಇಲ್ಲಿನ ಶಿಕ್ಷಕರಿಗಾಗಲಿ ಕಾಲೇಜುಗಳಿಗಾಗಲಿ ಸಿಗಲಿಲ್ಲ.

೩

ಪ್ರಾದೇಶಿಕ ಅಸಮಾನತೆಯನ್ನು ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು ೨೦೦೨ರಲ್ಲಿ ಸಲ್ಲಿಸಿದ ವರದಿಯು ರಾಜ್ಯದ ೩೯ ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ ೨೧ ಕಲಬುರಗಿ ವಿಭಾಗದಲ್ಲಿದ್ದವು. ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ಆ ಪಟ್ಟಿಯಲ್ಲಿದ್ದವು. ವಾಡಿ ಮತ್ತು ಶಹಾಬಾದ್ ಆಗ ಚಿತ್ತಾಪುರ ತಾಲ್ಲೂಕಿನ ಊರುಗಳು. ಶಹಾಬಾದ್ ಪ್ರತ್ಯೇಕ ತಾಲ್ಲೂಕಾದದ್ದು ನಂತರದ ಬೆಳವಣಿಗೆ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ಶೇಕಡ ೭೫.೩೬ ಇದ್ದಾಗ ಈ ಜಿಲ್ಲೆಯದು ೬೪.೮೫ ಇತ್ತು. ಮಹಿಳೆಯರದು ಸುಮಾರು ೫೫.

ತಾಲ್ಲೂಕನ್ನು ಘಟಕವಾಗಿ ಇಟ್ಟುಕೊಂಡ ಈ ಲೆಕ್ಕವು ಅಗತ್ಯವಾಗಿತ್ತು. ಸಂವಿಧಾನದ ೩೭೧(ಜೆ) ವಿಧಿಯ ಬೇಡಿಕೆಗೆ ಇಂಥ ಅಂಕಿಅಂಶಗಳೇ ಬಲ ನೀಡಿದವು. ಆದರೆ ಸರಾಸರಿಯು ತೋರಿಸುವಷ್ಟನ್ನೇ ಮರೆಮಾಡುತ್ತದೆ ಎಂಬುದನ್ನು ಈ ಐದು ಊರುಗಳು ಸ್ಪಷ್ಟಪಡಿಸುತ್ತವೆ. ವಾಡಿಯ ಸಿಮೆಂಟ್ ಕಾರ್ಖಾನೆಯ ಕಾಯಂ ನೌಕರನ ಮಗುವೂ ಅದೇ ಕಾರ್ಖಾನೆಯ ಗುತ್ತಿಗೆ ಕಾರ್ಮಿಕನ ಮಗುವೂ ಒಂದೇ ತಾಲ್ಲೂಕಿನ ಲೆಕ್ಕದಲ್ಲಿ ಸೇರುತ್ತವೆ. ಶಹಾಬಾದಿನ ಕಲ್ಲು ನಾಡಿನ ಎಷ್ಟೋ ಮನೆಗಳ, ಶಾಲೆಗಳ ನೆಲವಾಗಿದೆ. ಆ ಕಲ್ಲನ್ನು ಎಬ್ಬಿಸುವವರ ಮಕ್ಕಳಿಗೆ ಶಾಲೆಯು ಎಷ್ಟು ದಿನ ದಕ್ಕುತ್ತದೆ ಎಂಬುದು ಸರಾಸರಿಯಲ್ಲಿ ಕಾಣುವುದಿಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ‘ಕವಿರಾಜಮಾರ್ಗ’ ಹುಟ್ಟಿದ ಆಸ್ಥಾನದ ನೆಲ. ಇಂದು ಅದೇ ಪರಿಸರದಲ್ಲಿ ಸಿಮೆಂಟ್ ಕಾರ್ಖಾನೆಗಳ ಚಿಮಣಿಗಳೂ ತೊಗರಿಯ ಹೊಲಗಳೂ ಅಕ್ಕಪಕ್ಕದಲ್ಲಿವೆ. ಚಿಂಚೋಳಿಯ ಕಾಡಂಚಿನ ತಾಂಡಾಗಳಿಂದ ಸುಗ್ಗಿಯ ನಂತರ ಕುಟುಂಬಗಳು ಹೈದರಾಬಾದ್, ಪುಣೆ, ಮುಂಬಯಿಗಳಿಗೆ ಗುಳೆ ಹೋಗುತ್ತವೆ. ಆ ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದಿರುತ್ತದೆ.

ಕೋವಿಡ್ ಕಾಲವು ಈ ಒಳ ಅಂತರಗಳನ್ನು ಬಯಲಿಗೆ ತಂದಿತು. ರಾಷ್ಟ್ರೀಯ ಮಾದರಿ ಸಮೀಕ್ಷೆಯ ೭೫ನೆಯ ಸುತ್ತು (೨೦೧೭-೧೮) ದೇಶದ ಗ್ರಾಮೀಣ ಕುಟುಂಬಗಳಲ್ಲಿ ಶೇಕಡ ೪.೪ರಷ್ಟು ಮಾತ್ರ ಗಣಕಯಂತ್ರವನ್ನೂ ಸುಮಾರು ೧೫ರಷ್ಟು ಅಂತರ್ಜಾಲ ಸೌಲಭ್ಯವನ್ನೂ ಹೊಂದಿದ್ದವು ಎಂದು ತಿಳಿಸಿತ್ತು. ನಗರಗಳಲ್ಲಿ ಈ ಪ್ರಮಾಣಗಳು ೨೩.೪ ಮತ್ತು ೪೨. ೨೦೨೦ರ ಜೂನಿನಲ್ಲಿ ರಾಜ್ಯ ಸರ್ಕಾರವು ಕೆಳ ತರಗತಿಗಳ ಆನ್‌ಲೈನ್ ಪಾಠಗಳನ್ನು ನಿಷೇಧಿಸಿತು. ಜುಲೈ ತಿಂಗಳಲ್ಲಿ ಉಚ್ಚ ನ್ಯಾಯಾಲಯವು ಆ ಆದೇಶಗಳಿಗೆ ಮಧ್ಯಂತರ ತಡೆ ನೀಡಿತು. ಎಲ್ಲರಿಗೂ ಸಿಗದಿದ್ದರೆ ಯಾರಿಗೂ ಬೇಡ ಎನ್ನಬಹುದೇ, ಸಿಕ್ಕವರಿಗಾದರೂ ಸಿಗಲಿ ಎಂದರೆ ಉಳಿದವರ ಹೊಣೆ ಯಾರದು ಎಂಬ ಎರಡು ಪ್ರಶ್ನೆಗಳು ಅಲ್ಲಿ ಎದುರುಬದುರಾದವು. ಸಮಾನತೆಯ ಹೆಸರಿನಲ್ಲಿ ನಡೆಯುವ ತೀರ್ಮಾನಗಳೊಳಗಿನ ಬಿಕ್ಕಟ್ಟಿಗೆ ಇದು ಸ್ಪಷ್ಟ ನಿದರ್ಶನ.

ಅದೇ ವರ್ಷ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ‘ವಿದ್ಯಾಗಮ’ ಯೋಜನೆಯಲ್ಲಿ ಶಿಕ್ಷಕರು ಊರೂರಿಗೆ ಹೋಗಿ ಮರದ ನೆರಳಿನಲ್ಲಿ, ಗುಡಿಯ ಕಟ್ಟೆಯ ಮೇಲೆ ಮಕ್ಕಳನ್ನು ಕೂರಿಸಿಕೊಂಡರು. ವಿದ್ಯಾಗಮಕ್ಕಾಗಿ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು: ಯಾವ ಸಾಧನವೂ ಇಲ್ಲದವರು, ಸಾಧಾರಣ ಮೊಬೈಲ್ ಇದ್ದವರು, ಅಂತರ್ಜಾಲವಿರುವ ಸ್ಮಾರ್ಟ್‌ಫೋನ್ ಇದ್ದವರು. ಈ ಪಟ್ಟಿಗಳನ್ನು ಮಾಡಿದವರು ಶಾಲೆಯ ಶಿಕ್ಷಕರು. ಯಾರ ಮನೆಯಲ್ಲಿ ಫೋನು ಇದ್ದರೂ ಅದು ತಂದೆಯ ಜೊತೆ ಹೊಲಕ್ಕೋ ಗಣಿಗೋ ಹೋಗುತ್ತದೆ, ಯಾರ ಮನೆಯಲ್ಲಿ ಅಣ್ಣನಿಗೆ ಸಿಕ್ಕದ್ದು ತಂಗಿಗೆ ಸಿಗುವುದಿಲ್ಲ ಎಂಬುದನ್ನು ಅವರು ಬಲ್ಲವರಾಗಿದ್ದರು. ಮನೆಯಲ್ಲಿ ಸಾಧನವಿರುವುದಕ್ಕೂ ಮಗುವಿನ ಕೈಗೆ ಅದು ಸಿಗುವುದಕ್ಕೂ ಇರುವ ಅಂತರವನ್ನು ಯಾವ ರಾಷ್ಟ್ರೀಯ ಸಮೀಕ್ಷೆಯೂ ಹೇಳುವಂತೆ ಹೇಳಬಲ್ಲ ಆಕರಗಳು ಇವು. ಶಾಸನ, ಹಸ್ತಪ್ರತಿ, ಕಡತಗಳನ್ನು ಅಕ್ಕರೆಯಿಂದ ಕೂಡಿಡುವ ವಿದ್ವತ್ ಪರಂಪರೆಯು ಶಾಲೆಗಳ ಬೀರುಗಳಲ್ಲಿರುವ ಈ ಕಾಗದಗಳನ್ನೂ ಕಾಲದ ದಾಖಲೆಗಳೆಂದು ಪರಿಗಣಿಸಬೇಕು.

೪

ತಂತ್ರಜ್ಞಾನಾಧಾರಿತ ಕಲಿಕೆಯನ್ನು ಕುರಿತು ಭಾರತದಲ್ಲಿ ನಡೆದ, ಲೋಕದ ಗಮನ ಸೆಳೆದ ಕೆಲವು ಅಧ್ಯಯನಗಳನ್ನು ಈ ಹಿನ್ನೆಲೆಯಲ್ಲಿ ನೋಡಬಹುದು. ಅಭಿಜಿತ್ ಬ್ಯಾನರ್ಜಿ ಮತ್ತು ಸಂಗಡಿಗರು ವಡೋದರದ ಶಾಲೆಗಳಲ್ಲಿ ನಡೆಸಿ ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ಗಣಕಯಂತ್ರದ ನೆರವಿನಿಂದ ಗಣಿತದ ಕಲಿಕೆ ಗಣನೀಯವಾಗಿ ಹೆಚ್ಚಿತೆಂದು ತೋರಿಸಿತು. ಕಾರ್ಯಕ್ರಮ ನಿಂತ ಮೇಲೆ ಆ ಗಳಿಕೆಯ ಬಹುಪಾಲು ಕರಗಿತು ಎಂಬುದನ್ನೂ ದಾಖಲಿಸಿತು. ಗುಜರಾತಿನ ‘ಜ್ಞಾನಶಾಲಾ’ ಸಂಸ್ಥೆಯ ಶಾಲೆಗಳಲ್ಲಿ ಲೀ ಲಿಂಡೆನ್ ನಡೆಸಿದ ೨೦೦೮ರ ಅಧ್ಯಯನವು ಇನ್ನೂ ಮಹತ್ವದ್ದು. ಶಿಕ್ಷಕರ ಪಾಠದ ಸಮಯವನ್ನು ತೆಗೆದು ಗಣಕಯಂತ್ರಕ್ಕೆ ಕೊಟ್ಟಾಗ ಮಕ್ಕಳು ಕಲಿತದ್ದು ಕಡಿಮೆಯಾಯಿತು. ಶಾಲೆಯ ಅವಧಿಯ ನಂತರ ಹೆಚ್ಚುವರಿಯಾಗಿ ಕೊಟ್ಟಾಗ ಹೆಚ್ಚಾಯಿತು, ಅದರಲ್ಲೂ ಹಿಂದುಳಿದ ಮಕ್ಕಳಿಗೆ ಪ್ರಯೋಜನವಾಯಿತು. ಯಂತ್ರವೂ ತಂತ್ರಾಂಶವೂ ಒಂದೇ ಆಗಿದ್ದು ಫಲ ಮಾತ್ರ ತಲೆಕೆಳಗಾಯಿತು. ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರು ದೆಹಲಿಯಲ್ಲಿ ನಡೆಸಿ ೨೦೧೯ರಲ್ಲಿ ಪ್ರಕಟಿಸಿದ ಅಧ್ಯಯನವು ಮಗುವಿನ ಮಟ್ಟಕ್ಕೆ ತಕ್ಕಂತೆ ಪಾಠವನ್ನು ಹೊಂದಿಸುವ ತಂತ್ರಾಂಶದಿಂದ ನಾಲ್ಕೂವರೆ ತಿಂಗಳಲ್ಲಿಯೇ ಗಣಿತ ಮತ್ತು ಹಿಂದಿಯಲ್ಲಿ ಗಳಿಕೆಯಾಯಿತೆಂದು ತೋರಿಸಿತು.

ಈ ಅಧ್ಯಯನಗಳನ್ನು ಪಾಶ್ಚಾತ್ಯ ವಿಧಾನದ ಯಾಂತ್ರಿಕ ಅನುಕರಣೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಅದು ನ್ಯಾಯವಲ್ಲ. ಚೀಟಿ ಎತ್ತಿ ಕೆಲವರಿಗೆ ಸೌಲಭ್ಯ ಕೊಟ್ಟು ಉಳಿದವರೊಡನೆ ಹೋಲಿಸುವ ವಿಧಾನವು ಇಲ್ಲದಿದ್ದರೆ ಜ್ಞಾನಶಾಲಾ ಅಧ್ಯಯನದ ಎಚ್ಚರಿಕೆಯ ಮಾತು ಹೊರಬರುತ್ತಲೇ ಇರಲಿಲ್ಲ. ಮಾರಾಟಗಾರರ ಜಾಹೀರಾತಿಗೆ ಎದುರಾಗಿ ನಿಲ್ಲುವ ಶಕ್ತಿ ಈ ವಿಧಾನಕ್ಕಿದೆ. ಆದರೂ ಸಮಾನತೆಯ ದೃಷ್ಟಿಯಿಂದ ಇದರೊಳಗೆ ಮೂರು ಇಕ್ಕಟ್ಟುಗಳಿವೆ.

ಮೊದಲನೆಯದು, ಅಧ್ಯಯನದೊಳಕ್ಕೆ ಬರುವವರ ಆಯ್ಕೆ. ದೆಹಲಿಯ ಅಧ್ಯಯನದಲ್ಲಿ ಮಕ್ಕಳು ವಾರಕ್ಕೆ ೬ ದಿನ, ದಿನಕ್ಕೆ ೯೦ ನಿಮಿಷ ಕೇಂದ್ರಕ್ಕೆ ಬರಬೇಕಾಗಿತ್ತು. ಹಾಗೆ ಬರಲು ಒಪ್ಪಿದ ಕುಟುಂಬಗಳ ಮಕ್ಕಳಲ್ಲಿ ಚೀಟಿ ಎತ್ತಲಾಯಿತು. ಸಂಶೋಧಕರು ಇದನ್ನು ಮರೆಮಾಚಿಲ್ಲ. ಆದರೆ ಫಲಿತಾಂಶವು ನೀತಿಯಾಗಿ ಪ್ರಯಾಣ ಮಾಡುವಾಗ ಈ ನಿಬಂಧನೆಯು ದಾರಿಯಲ್ಲಿಯೇ ಉದುರಿಹೋಗುತ್ತದೆ. ಕುಂಚಾವರಂ ಕಡೆಯ ತಾಂಡಾದ ಹುಡುಗಿಯು ನೀರು ತಂದು, ತಮ್ಮನನ್ನು ನೋಡಿಕೊಂಡು, ಬಸ್ಸಿಲ್ಲದ ದಾರಿಯಲ್ಲಿ ದಿನವೂ ೯೦ ನಿಮಿಷಗಳ ತರಗತಿಗೆ ಬರುವಳೆಂದು ನಂಬಲು ಆ ಅಧ್ಯಯನವು ಆಧಾರವನ್ನು ಕೊಡುವುದಿಲ್ಲ.

ಎರಡನೆಯದು, ಅಧ್ಯಯನದಿಂದ ಹೊರಗೆ ಹೋಗುವವರ ಲೆಕ್ಕ. ಆರಂಭದ ಪರೀಕ್ಷೆಯಲ್ಲಿದ್ದು ಕೊನೆಯ ಪರೀಕ್ಷೆಗೆ ಸಿಗದ ಮಕ್ಕಳನ್ನು ಸಂಖ್ಯಾಶಾಸ್ತ್ರವು ‘ಮಾದರಿಯ ಸವಕಳಿ’ ಎಂದು ಕರೆಯುತ್ತದೆ. ಫಲಿತಾಂಶವನ್ನು ಕೆಡಿಸಬಹುದಾದ ಒಂದು ತೊಡಕೆಂದು ಅದನ್ನು ಸರಿಪಡಿಸಲು ಯತ್ನಿಸುತ್ತದೆ. ಗುಳೆಯ ನಾಡಿನಲ್ಲಿ ಸವಕಳಿಯೇ ಫಲಿತಾಂಶ. ಜನವರಿಯಲ್ಲಿ ಹೆಸರು ಕರೆದಾಗ ಓಗೊಡದ ಮಗುವು ಎಲ್ಲಿಗೆ ಹೋಯಿತು, ಯಾವ ಕೆಲಸಕ್ಕೆ ಹೋಯಿತು, ಹೋದ ಊರಿನಲ್ಲಿ ಯಾವ ಭಾಷೆಯ ಶಾಲೆ ಅದಕ್ಕೆ ಸಿಕ್ಕಿತು ಎಂಬುದು ಕಲಿಕೆಯ ಸಂಶೋಧನೆಯ ಕೇಂದ್ರ ಪ್ರಶ್ನೆಯಾಗಬೇಕು. ಕೋಷ್ಟಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರುವ ಸಂಖ್ಯೆಯಾಗಿ ಅದು ಉಳಿಯಬಾರದು. ಉಳಿದ ಮಕ್ಕಳ ಸರಾಸರಿಯು ಹೆಚ್ಚಿತೆಂದು ಸಂತೋಷಪಡುವ ಅಧ್ಯಯನವು, ಹಾಗೆ ಹೋದವರನ್ನು ತನಗರಿಯದಂತೆಯೇ ಎರಡನೆಯ ಬಾರಿ ಶಾಲೆಯಿಂದ ಹೊರಗೆ ಹಾಕಿರುತ್ತದೆ.

ಮೂರನೆಯದು, ಕಾಲ. ಯೋಜನೆಯ ಆಯುಷ್ಯ ಒಂದೋ ಎರಡೋ ವರ್ಷ. ಶಾಲೆಯ ಆಯುಷ್ಯ ತಲೆಮಾರುಗಳದು. ಯಂತ್ರವು ಕೆಟ್ಟಾಗ, ವಿದ್ಯುತ್ತು ಇಲ್ಲದಾಗ, ತರಬೇತಿ ಪಡೆದ ಶಿಕ್ಷಕರು ವರ್ಗವಾದಾಗ ಏನಾಯಿತೆಂದು ನೋಡಲು ಸಂಶೋಧಕರು ಅಲ್ಲಿ ಇರುವುದಿಲ್ಲ. ಈ ಸಂದರ್ಭದಲ್ಲಿ ಚಿತ್ತಾಪುರದ ಪಕ್ಕದಲ್ಲಿಯೇ ಇರುವ ನಾಗಾವಿಯನ್ನು ನೆನೆಯಬಹುದು. ಕಲ್ಯಾಣ ಚಾಲುಕ್ಯರ ಮೊದಲನೆಯ ಸೋಮೇಶ್ವರನ ಕಾಲದ, ಕ್ರಿ.ಶ. ೧೦೫೮ರ ಅಲ್ಲಿನ ಶಾಸನವು ಘಟಿಕಾಸ್ಥಾನದ ಉಪಾಧ್ಯಾಯರಿಗೂ ವಿದ್ಯಾರ್ಥಿಗಳಿಗೂ ದತ್ತಿಯನ್ನು ಹೇಳುವುದರ ಜೊತೆಗೆ ಗ್ರಂಥಗಳನ್ನು ನೋಡಿಕೊಳ್ಳುವ ೬ ಮಂದಿ ಸರಸ್ವತೀ ಭಂಡಾರಿಗರಿಗೂ ವ್ಯವಸ್ಥೆಯನ್ನು ಮಾಡುತ್ತದೆ. ಆ ವಿದ್ಯಾಕೇಂದ್ರದ ಬಾಗಿಲು ಊರಿನ ಎಲ್ಲ ಮಕ್ಕಳಿಗೂ ತೆರೆದಿತ್ತೆಂದು ಹೇಳಲಾಗದು. ವೇದಶಾಸ್ತ್ರಗಳ ಕಲಿಕೆಗೆ ಅಂದು ಯಾರು ಅರ್ಹರೆನಿಸಿದ್ದರು ಎಂಬುದು ತಿಳಿದ ಸಂಗತಿಯೇ. ಆದ್ದರಿಂದ ನಾಗಾವಿಯನ್ನು ಸುವರ್ಣಯುಗದ ಸಂಕೇತವಾಗಿ ಇಲ್ಲಿ ತರುತ್ತಿಲ್ಲ. ಕಲಿಕೆಯ ಸಾಧನವನ್ನು ಕೊಟ್ಟವರು ಅದನ್ನು ಕಾಯುವವರ ಜೀವನೋಪಾಯವನ್ನೂ ಅದೇ ದತ್ತಿಯಲ್ಲಿ ಕಲ್ಪಿಸಿದ್ದರು ಎಂಬ ಆಡಳಿತ ವಿವೇಕವು ಗಮನಾರ್ಹ. ಓಲೆಗರಿಗೆ ಅಂದು ದೊರೆತ ಈ ಕಾಳಜಿಯು ಗಣಕಯಂತ್ರದ ಕೊಠಡಿಗೆ ದೊರೆತಿದೆಯೇ ಎಂಬುದನ್ನು ಪ್ರತಿ ಯೋಜನೆಯ ಅಂದಾಜುಪಟ್ಟಿಯಲ್ಲಿ ಹುಡುಕಬೇಕು.

೫

ಮೇಲಿನ ಇಕ್ಕಟ್ಟುಗಳು ಶಿಕ್ಷಣಶಾಸ್ತ್ರಕ್ಕೋ ಅರ್ಥಶಾಸ್ತ್ರಕ್ಕೋ ಸೇರಿದವು, ಕನ್ನಡ ವಿಭಾಗಗಳಿಗೆ ಇದರಲ್ಲಿ ಕೆಲಸವೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಇದಕ್ಕೆ ಉತ್ತರ ಭಾಷೆಯಲ್ಲಿದೆ. ತೆರೆಯ ಮೇಲಿನ ಪಾಠವು ಮಗುವನ್ನು ತಲುಪುವುದು ಭಾಷೆಯ ಮೂಲಕ. ಮಗು ಕಲಿತದ್ದನ್ನು ಅಳೆಯುವುದೂ ಭಾಷೆಯ ಮೂಲಕವೇ. ಸೇಡಂ ಕಡೆಯ ಮಗು ‘ಸಾಲಿ’ಗೆ ಹೋಗುತ್ತದೆ, ‘ಶಾಲೆ’ಗಲ್ಲ. ಅಲ್ಲಿ ಅಣ್ಣ ‘ಓದ್ಲಾಕತ್ತಾನ’, ‘ಓದುತ್ತಿದ್ದಾನೆ’ ಎಂಬುದು ಪುಸ್ತಕದಲ್ಲಿ ಮಾತ್ರ ಸಿಗುವ ರೂಪ. ‘ಜಲ್ದಿ’, ‘ಖರೆ’, ‘ಬರೋಬ್ಬರಿ’ಗಳು ಅಲ್ಲಿ ಅನ್ಯಭಾಷೆಯ ಪದಗಳಲ್ಲ. ಗಣಿತದ ಪ್ರಶ್ನೆಯೊಂದನ್ನು ಬಿಡಿಸಲಾರದ ಮಗುವು ಗಣಿತದಲ್ಲಿ ಸೋತಿತೋ ಪ್ರಶ್ನೆಯ ಕನ್ನಡದಲ್ಲಿ ಸೋತಿತೋ ಎಂಬುದನ್ನು ಅಂಕಪಟ್ಟಿಯು ಹೇಳುವುದಿಲ್ಲ. ಮನೆಯಲ್ಲಿ ಗೋರ್‌ಬೋಲಿಯನ್ನು ಆಡುವ ತಾಂಡಾದ ಮಗುವಿಗೆ ಪಠ್ಯದ ಕನ್ನಡವು ಎರಡನೆಯ ಭಾಷೆ. ಗಡಿಯಂಚಿನ ತೆಲುಗು ಮನೆಮಾತಿನ ಮಗುವಿಗೂ ಹಾಗೆಯೇ. ಶಹಾಬಾದ್, ವಾಡಿಗಳ ಉರ್ದು ಮಾಧ್ಯಮದ ಮಕ್ಕಳಿಗೆ ಕನ್ನಡದ ತಂತ್ರಾಂಶದ ಹೊಗಳಿಕೆಯಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಕನ್ನಡದ ಪರವಾದ ವಾದವು ಇಂಗ್ಲಿಷಿನ ಯಜಮಾನಿಕೆಯನ್ನು ಪ್ರಶ್ನಿಸುವಷ್ಟೇ ಪ್ರಾಮಾಣಿಕವಾಗಿ ಶಿಷ್ಟ ಕನ್ನಡದ ಯಜಮಾನಿಕೆಯನ್ನೂ ಪ್ರಶ್ನಿಸಬೇಕಾದುದು ಇಲ್ಲಿಯೇ.

ಈ ಪ್ರಶ್ನೆಗೆ ಈಗ ಹೊಸ ತುರ್ತು ಬಂದಿದೆ. ಮಾತನ್ನು ಗುರುತಿಸುವ, ಮಾತಿನಲ್ಲಿಯೇ ಉತ್ತರಿಸುವ ಯಂತ್ರಗಳು ತರಗತಿಯ ಬಾಗಿಲಿಗೆ ಬಂದಿವೆ. ಇವು ತಮಗೆ ಉಣಿಸಿದ ಕನ್ನಡವನ್ನು ಮಾತ್ರ ಬಲ್ಲವು. ಪತ್ರಿಕೆ, ಪುಸ್ತಕ, ಜಾಲತಾಣಗಳ ಕನ್ನಡದಲ್ಲಿ ‘ಓದ್ಲಾಕತ್ತಾನ’ ಎಂಬ ರೂಪವು ಅಪರೂಪ. ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆಯು ಕನ್ನಡವೂ ಸೇರಿದಂತೆ ೯ ಭಾಷೆಗಳ ಉಪಭಾಷಾ ರೂಪಗಳ ಧ್ವನಿಸಂಗ್ರಹಕ್ಕೆ ತೊಡಗಿದ್ದು ಸ್ವಾಗತಾರ್ಹ. ಅದರ ಗಮನವು ಕೃಷಿ ಮತ್ತು ಹಣಕಾಸಿನ ಬಳಕೆಯ ಮೇಲಿದೆ. ಶಾಲೆಯ ಮಗುವಿನ ಮಾತಿಗೆ ಅಂಥ ಸಂಗ್ರಹ ಬೇಕಾಗಿದೆ. ಓದಿ ಹೇಳೆಂದಾಗ ತನ್ನ ಊರಿನ ರೀತಿಯಲ್ಲಿ ಓದಿದ ಮಗುವಿನ ಉಚ್ಚಾರಣೆಯನ್ನು ಯಂತ್ರವು ತಪ್ಪೆಂದು ಗುರುತುಹಾಕಿದರೆ, ಶಿಕ್ಷಕರ ಗದರಿಕೆಗಿಂತಲೂ ಅದು ಕಠಿಣವಾದ ತೀರ್ಪಾಗುತ್ತದೆ. ಶಿಕ್ಷಕರೊಡನೆ ವಾದಿಸಬಹುದು, ಯಂತ್ರದೊಡನೆ ಸಾಧ್ಯವಿಲ್ಲ.

ಇದಕ್ಕೆ ಬೇಕಾದ ವಿದ್ವತ್ತು ಕನ್ನಡದ ಬಳಿ ಹಿಂದಿನಿಂದಲೂ ಇದೆ. ಪುಣೆಯ ಡೆಕ್ಕನ್ ಕಾಲೇಜು ೧೯೬೦ರ ದಶಕದಲ್ಲಿ ಹೊರತಂದ ಕನ್ನಡ ಉಪಭಾಷೆಗಳ ಅಧ್ಯಯನಮಾಲೆಯಲ್ಲಿ ಆರ್. ಮಹದೇವನ್ ಅವರ ‘ಗುಲ್ಬರ್ಗ ಕನ್ನಡ’ವೂ ಸೇರಿದೆ. ೧೯೮೦ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯವು ಸ್ಥಾಪನೆಯಾದ ಮೇಲೆ ಈ ಭಾಗದ ಜನಪದ ಹಾಡು, ಕತೆ, ತತ್ವಪದ, ಗಾದೆಗಳ ಸಂಗ್ರಹದಲ್ಲಿ ಹಲವು ಸಂಶೋಧಕರು ದುಡಿದಿದ್ದಾರೆ. ಈ ಸಂಪತ್ತು ಶಿಕ್ಷಣದ ತಂತ್ರಾಂಶವನ್ನು ಮಾಡುವವರಿಗೆ ಕಾಣುವುದಿಲ್ಲ. ಕಾರಣ ಬಹಳ ಸರಳ. ವಿಶ್ವವಿದ್ಯಾಲಯ ಅನುದಾನ ಆಯೋಗದ ೨೦೦೯ರ ನಿಯಮಗಳ ನಂತರ ಪಿಎಚ್.ಡಿ. ಪ್ರಬಂಧಗಳು ‘ಶೋಧಗಂಗಾ’ದಲ್ಲಿ ಸೇರುತ್ತಿವೆ. ಆದರೆ ಕನ್ನಡದ ಬಹಳಷ್ಟು ಪ್ರಬಂಧಗಳು ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದವು ಅಥವಾ ಪುಟದ ಛಾಯಾಚಿತ್ರಗಳು. ಅವುಗಳಲ್ಲಿ ಒಂದು ಪದವನ್ನು ಹುಡುಕಲಾಗದು. ಯೂನಿಕೋಡಿನಲ್ಲಿ ೧೯೯೧ರಿಂದಲೇ ಕನ್ನಡಕ್ಕೆ ಸ್ಥಾನವಿದ್ದರೂ ಅದನ್ನು ಪ್ರಬಂಧದ ಕಡ್ಡಾಯ ಶಿಸ್ತಾಗಿ ಮಾಡಿಕೊಳ್ಳುವಲ್ಲಿ ಆದ ವಿಳಂಬವು ಈ ನಾಡಿನ ಜ್ಞಾನವನ್ನೇ ಅದೃಶ್ಯವಾಗಿಸಿದೆ. ಜಾಗತಿಕ ತಂತ್ರಜ್ಞಾನವು ಅಂಚಿನ ಕನ್ನಡವನ್ನು ಕಡೆಗಣಿಸಿದೆ ಎಂಬ ದೂರು ನಿಜವೇ. ಅದರ ಒಂದು ಪಾಲನ್ನು ವಿಭಾಗಗಳೂ ಹೊರಬೇಕು.

ಇದಕ್ಕೆ ಎದುರಾಗಿ ಒಂದು ಗಂಭೀರ ಆಕ್ಷೇಪವಿದೆ. ಮಗುವನ್ನು ಅದರ ಊರಿನ ನುಡಿಯಲ್ಲಿಯೇ ಉಳಿಸಿದರೆ ಉನ್ನತ ಶಿಕ್ಷಣದ, ಉದ್ಯೋಗದ ದಾರಿಗಳು ಮುಚ್ಚುವುದಿಲ್ಲವೇ ಎಂದು ಹೆತ್ತವರು ಕೇಳುತ್ತಾರೆ. ತಮ್ಮ ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕಳಿಸುವವರು ಬೋಧಿಸುವ ಸ್ಥಳೀಯತೆಯು ಅವರಿಗೆ ಅನುಮಾನ ತರುವುದು ಸಹಜ. ಈ ಅನುಮಾನವನ್ನು ಭಾಷಾದ್ರೋಹವೆಂದು ಕರೆಯುವುದು ಸರಿಯಲ್ಲ. ಇಲ್ಲಿ ಪ್ರತಿಪಾದಿಸುತ್ತಿರುವುದು ಮಗು ಶಿಷ್ಟ ಕನ್ನಡವನ್ನೋ ಇಂಗ್ಲಿಷನ್ನೋ ಕಲಿಯಬಾರದೆಂದಲ್ಲ. ಕಲಿಕೆಯು ಆರಂಭವಾಗುವ ಮೆಟ್ಟಿಲು ಮಗು ನಿಂತಿರುವ ನೆಲದ ಮೇಲೆ ಇರಬೇಕು, ಅಳತೆಯ ಕೋಲು ಆ ನೆಲವನ್ನು ಬಲ್ಲದ್ದಾಗಿರಬೇಕು ಎಂಬುದಷ್ಟೇ.

೬

ಸಂಶೋಧನೆಯ ನೈತಿಕತೆಗೆ ಸಂಬಂಧಿಸಿದ ಮಾತೊಂದು ಉಳಿಯುತ್ತದೆ. ಡಿಜಿಟಲ್ ಪಾಠದ ಪ್ರತಿ ಸ್ಪರ್ಶವೂ ಮಾಹಿತಿಯಾಗಿ ಎಲ್ಲಿಯೋ ಸಂಗ್ರಹವಾಗುತ್ತದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ೧೮ ವರ್ಷದೊಳಗಿನವರ ಮಾಹಿತಿಯನ್ನು ಬಳಸಲು ಪೋಷಕರ ಪರಿಶೀಲನಾರ್ಹ ಒಪ್ಪಿಗೆಯನ್ನು ಕೇಳುತ್ತದೆ. ಕಲ್ಲುಗಣಿಯ ಕಾರ್ಮಿಕರು ಇಂಗ್ಲಿಷಿನ ನಮೂನೆಯ ಮೇಲೆ ಹಾಕುವ ಹೆಬ್ಬೆಟ್ಟನ್ನು ಒಪ್ಪಿಗೆಯೆಂದು ಕರೆಯಲು ಯಾವ ಸಂಶೋಧಕನ ಮನಸ್ಸೂ ಒಪ್ಪಬಾರದು. ಹಾಗೆಯೇ ಮಾಹಿತಿ ಕೊಟ್ಟ ಶಿಕ್ಷಕರ ಶ್ರಮವು ಪ್ರಬಂಧದ ಕೊನೆಯ ಕೃತಜ್ಞತೆಯ ಒಂದು ಸಾಲಿನಲ್ಲಿ ತೀರುವುದೂ ನ್ಯಾಯವಲ್ಲ. ಅವರು ಕೇಳಿದ ಪ್ರಶ್ನೆಗಳಿಂದ ಅಧ್ಯಯನವು ಆರಂಭವಾಗಬೇಕು, ಅವರ ಹೆಸರು ಲೇಖಕರ ಸಾಲಿನಲ್ಲಿ ಬರಬೇಕು.

೨೦೧೨ರ ತಿದ್ದುಪಡಿಯ ಮೂಲಕ ಸಂವಿಧಾನದಲ್ಲಿ ಸೇರಿ ೨೦೧೩ರಲ್ಲಿ ಜಾರಿಗೆ ಬಂದ ೩೭೧(ಜೆ) ವಿಧಿಯು ಈ ಪ್ರದೇಶಕ್ಕೆ ಅಭಿವೃದ್ಧಿ ನಿಧಿಯ ನ್ಯಾಯೋಚಿತ ಹಂಚಿಕೆಯನ್ನೂ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಅವಕಾಶವನ್ನೂ ಕಲ್ಪಿಸಿತು. ನಿಧಿ ಮತ್ತು ಸ್ಥಾನಗಳ ಹಂಚಿಕೆಯಿಂದ ಜ್ಞಾನದ ಉತ್ಪಾದನೆಯ ಹಂಚಿಕೆಗೆ ಈ ತತ್ವವನ್ನು ವಿಸ್ತರಿಸುವ ಕಾಲ ಬಂದಿದೆ. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ವಿಭಾಗಗಳು ತಾವೇ ಮಾಡಬಹುದಾದ ಕೆಲಸಗಳಿವೆ.

ಕನ್ನಡ ಎಂ.ಎ. ಮತ್ತು ಸಂಶೋಧನ ವಿದ್ಯಾರ್ಥಿಗಳಲ್ಲಿ ಹಲವರು ಇದೇ ಸೇಡಂ, ಚಿಂಚೋಳಿ, ಚಿತ್ತಾಪುರದ ಹಳ್ಳಿಗಳಿಂದ ಬಂದವರು. ತಮ್ಮ ಊರಿನ ಶಾಲೆಯಲ್ಲಿ ಮಕ್ಕಳು ಆಡುವ ಮಾತನ್ನು ಹೆತ್ತವರಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆದು ದಾಖಲಿಸುವುದು ಕಿರುಪ್ರಬಂಧದ ವಿಷಯವಾಗಬಹುದು. ಪಠ್ಯಪುಸ್ತಕದ ಹಾಗೂ ತೆರೆಯ ಮೇಲಿನ ಪಾಠದ ಯಾವ ಪದ, ಯಾವ ವಾಕ್ಯರಚನೆ ಯಾವ ಮಗುವನ್ನು ತಡೆಯಿತು ಎಂಬ ಪಟ್ಟಿಯು ಶಿಕ್ಷಣ ಇಲಾಖೆಗೂ ತಂತ್ರಾಂಶ ರೂಪಿಸುವವರಿಗೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ವಿದ್ಯಾಗಮದ ಪಟ್ಟಿಗಳನ್ನು ಮಕ್ಕಳ ಗುರುತು ಬಿಟ್ಟುಕೊಡದಂತೆ ಸಂಗ್ರಹಿಸಬಹುದು. ಈ ಜಿಲ್ಲೆಯಲ್ಲಿ ಯಾವುದೇ ಸಂಸ್ಥೆ ನಡೆಸುವ ಕಲಿಕಾ ಅಧ್ಯಯನದ ಸಾರಾಂಶವನ್ನು ಕನ್ನಡದಲ್ಲಿ ಆಯಾ ಶಾಲೆಯ ಎಸ್‌ಡಿಎಂಸಿಗೆ ಒಪ್ಪಿಸಬೇಕೆಂದು ವಿಶ್ವವಿದ್ಯಾಲಯವು ಷರತ್ತು ವಿಧಿಸಬಹುದು. ಉರ್ದು, ತೆಲುಗು, ಲಂಬಾಣಿ ಬಲ್ಲವರನ್ನು ಸೇರಿಸಿಕೊಳ್ಳದೆ ಇವುಗಳಲ್ಲಿ ಯಾವ ಕೆಲಸವೂ ಪೂರ್ಣವಾಗದು ಎಂಬುದನ್ನು ಆರಂಭದಲ್ಲಿಯೇ ಒಪ್ಪಿಕೊಳ್ಳಬೇಕು.

೧೯೭೫ರಲ್ಲಿ ಉಪಗ್ರಹದ ಚಿತ್ರಗಳನ್ನು ನೋಡಿದ ಮಕ್ಕಳು ಈಗ ಅರುವತ್ತರ ಆಸುಪಾಸಿನಲ್ಲಿದ್ದಾರೆ. ಆ ಪಾಠಗಳಿಂದ ಏನು ಉಳಿಯಿತು, ಆ ಕನ್ನಡವು ಅವರಿಗೆ ಹೇಗೆ ಕೇಳಿಸಿತು ಎಂದು ಅವರನ್ನು ಅವರ ಮಾತಿನಲ್ಲಿ ಕೇಳಿ ಬರೆದಿಡಲು ಇನ್ನೂ ಸಮಯವಿದೆ. ಮೊದಲ ಕ್ಷೇತ್ರಕಾರ್ಯವು ಅಲ್ಲಿಂದ ಆರಂಭವಾಗಬಹುದು.